ಸಿಮೋನ್ ಕೊಟ್ಟ ಪಿಂಗಾಣಿ

ಕೊಟ್ಟವಳು ಎದುರಿಗೇ ಕುಳಿತಿದ್ದಾಗ, ಅವಳು ಕೊಟ್ಟದ್ದನ್ನು ‘ಅಂಗಡಿಯಲ್ಲಿ ಕೊಂಡೆ’ ಎಂದು ಹೇಳಿದವಳು ನಾನು. ಸುತ್ತ ಜನರಿದ್ದರು. ಅದು ಸುಳ್ಳೆಂದು ಗೊತ್ತಿದ್ದವರು ಆ ಕೋಣೆಯಲ್ಲಿ ಮೂವರೇ — ನಾನು, ನನ್ನ ಗಂಡ, ಮತ್ತು ಅವಳು. ಅವಳು ಒಂದು ಮಾತು ಆಡಿದ್ದರೆ ನಾನು ಅಲ್ಲೇ ಕುಸಿದುಬಿಡುತ್ತಿದ್ದೆ. ಅವಳು ಆಡಲಿಲ್ಲ. ಆ ಒಂದು ಮೌನಕ್ಕೆ ಅವಳು ಎಷ್ಟು ತೆತ್ತಳು ಎಂಬುದು ನನಗೆ ತಿಳಿದದ್ದು ಅವಳು ಹೋದಮೇಲೆ. ತಿಳಿದಮೇಲೂ ನಾನು — ಆದರೆ ಅದನ್ನು ಅದರ ಜಾಗದಲ್ಲೇ ಹೇಳಬೇಕು.

ಅವಳ ಹೆಸರು ಸಿಮೋನ್. ಫ್ರಾನ್ಸಿನವಳು. ಯುದ್ಧ ಮುಗಿದಮೇಲೆ ಇಂಗ್ಲಿಷ್ ಸಿಪಾಯಿಯೊಬ್ಬನನ್ನು ಮದುವೆಯಾಗಿ ಲಂಡನ್ನಿಗೆ ಬಂದವಳು, ಅವನು ತೀರಿಕೊಂಡಮೇಲೂ ಇಲ್ಲೇ ಉಳಿದವಳು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ಬಂದಾಗ, ಕ್ವೀನ್ಸ್‌ಬರಿಯ ನಮ್ಮ ಬಾಡಿಗೆ ಮನೆಯ ಮೇಲಿನ ಭಾಗದಲ್ಲಿ ಅವಳಿದ್ದಳು. ಆಗಲೇ ಎಪ್ಪತ್ತು ದಾಟಿತ್ತು. ಕಸದ ತೊಟ್ಟಿಯ ಹತ್ತಿರ ಎದುರಾದರೆ ನಮಸ್ಕಾರದಂಥ ಒಂದು ನಗೆ, ಹವೆಯ ಬಗ್ಗೆ ಒಂದು ಮಾತು — ಮೊದಲ ವರ್ಷ ಅಷ್ಟೇ. ನನ್ನ ಗಂಡ ಶ್ರೀಧರ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಕಿರಿಯ ಡಾಕ್ಟರು. ಮನೆಗೆ ಬಂದರೆ ನಿದ್ದೆ, ಎದ್ದರೆ ಆಸ್ಪತ್ರೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಮಗಳು ಅಪೂರ್ವಾ ಹುಟ್ಟಿದಳು. ನನಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆ ಬರುವವರಿದ್ದರು; ಟಿಕೆಟ್ಟೂ ಆಗಿತ್ತು. ಹೊರಡುವ ವಾರ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ‘ಒಬ್ಬಳೇ ಹ್ಯಾಂಗ ಮಾಡ್ತೀಯವಾ’ ಎಂದು ಫೋನಿನಲ್ಲಿ ಅತ್ತರು. ‘ಮಾಡ್ತೀನ್ರಿ ಅತ್ಯಾ, ಇಲ್ಲೆ ಎಲ್ಲಾ ಅನುಕೂಲ ಅದ’ ಎಂದೆ. ಇಲ್ಲಿ ಅನುಕೂಲ ಇತ್ತು ನಿಜ. ಬಿಸಿನೀರಿತ್ತು, ಮನೆ ಬೆಚ್ಚಗಿತ್ತು. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲಾಗುವ ಆ ದಿನಗಳಲ್ಲಿ ನನಗೆ ಏನೋ ಆಯಿತು. ಅದಕ್ಕೊಂದು ಹೆಸರಿದೆ ಎಂದು ಆಗ ಗೊತ್ತಿರಲಿಲ್ಲ. ಊಟ ಸೇರದಾಯಿತು. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತಿದಂತಾಯಿತು. ಮಗು ಅತ್ತರೆ ಬೇರೆ ಯಾರದೋ ಮನೆಯ ಮಗು ಅತ್ತಂತೆ ಕೇಳಿಸುತ್ತಿತ್ತು — ಎದ್ದು ಹೋಗಬೇಕು ಎನ್ನಿಸುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಮಗು ಒಳಗೆ ಅಳುತ್ತಲೇ ಇತ್ತು. ಆಗ ನನಗೆ ಬಂದ ಯೋಚನೆಯನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ. ಬರೆಯಬೇಕು. ಬಾಗಿಲು ತೆಗೆದು ನಡೆದುಬಿಡಬೇಕು, ರೈಲು ಓಡುವ ಕಡೆಗೆ — ಮತ್ತೆ ಬರಬಾರದು, ಅಷ್ಟೇ. ಅಷ್ಟು ಸರಳವಾಗಿತ್ತು ಅದು. ಭಯವೂ ಆಗಲಿಲ್ಲ.

ಬಾಗಿಲು ಬಡಿದವಳು ಸಿಮೋನ್. ನಾನು ತೆಗೆದದ್ದು ಹೇಗೋ ನೆನಪಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ಮಗುವನ್ನೆತ್ತಿಕೊಂಡಳು. ಒದ್ದೆ ಬಟ್ಟೆ ಬದಲಿಸಿದಳು. ಹಾಲು ಕುಡಿಸಿದಳು. ಹೋಗುವಾಗ, ‘ನಾಳೆ ಇದೇ ಹೊತ್ತಿಗೆ ಕಾಫಿ ತರುತ್ತೇನೆ. ಬಾಗಿಲು ತೆಗೆ’ ಎಂದಳು.

ಮರುದಿನ ಅವಳು ತಂದ ತಟ್ಟೆಯಲ್ಲಿ ನಾನು ಹಿಂದೆಂದೂ ಕಂಡಿರದಂಥ ಕಪ್ಪುಗಳಿದ್ದವು. ಹಾಲಿನಂಥ ಬಿಳಿ ಪಿಂಗಾಣಿ, ಒಳಗೆಲ್ಲ ಬಂಗಾರದ ಲೇಪ. ಹಿಡಿಕೆ ಅಂಚಿಗಿಂತ ಮೇಲೆ ಏರಿ ಹಂಸದ ಕುತ್ತಿಗೆಯಾಗಿ ಬಾಗಿತ್ತು. ಕಾಫಿ ತುಂಬಿದ್ದ ಪಾತ್ರೆ ಹಳೆಯ ಗ್ರೀಕರ ಹೂಜಿಯಂತೆ — ಮೇಲೆ ಉಬ್ಬಿ, ಕೆಳಗೆ ಕಿರಿದಾಗಿ, ಪುಟ್ಟ ಪೀಠದ ಮೇಲೆ ನಿಂತಿತ್ತು. ಅದರ ಹೊಟ್ಟೆಯ ಸುತ್ತ ಕಂದು ಬಣ್ಣದಲ್ಲಿ ನಿಲುವಂಗಿ ತೊಟ್ಟ ಹೆಂಗಸರು ಕೈ ಕೈ ಹಿಡಿದು ನಡೆಯುತ್ತಿದ್ದರು. ಅವಳ ಅಜ್ಜಿಯ ಅಜ್ಜಿಯ ಕಾಲದ್ದಂತೆ. ಆಗ ಪ್ಯಾರಿಸಿನ ಜನಕ್ಕೆಲ್ಲ ಗ್ರೀಕರ, ರೋಮನ್ನರ ಹುಚ್ಚು ಹಿಡಿದಿತ್ತು, ನೆಲ ಅಗೆದು ತೆಗೆದ ಮಡಕೆಗಳನ್ನು ನೋಡಿ ಕುರ್ಚಿಯಿಂದ ಕಪ್ಪಿನವರೆಗೆ ಎಲ್ಲವನ್ನೂ ಹಾಗೇ ಮಾಡಿಸುತ್ತಿದ್ದರು ಎಂದಳು.

ನಾನು ಗೋಡೆಗೆ ಒರಗಿಕೊಂಡೇ ಕಪ್ಪು ತೆಗೆದುಕೊಳ್ಳಲು ಹೋದೆ. ಕೈ ಓಲಾಡಿತು. ‘ಒರಗಿಕೊಂಡು ಈ ಕಪ್ಪಿನಲ್ಲಿ ಕುಡಿಯಲಾಗುವುದಿಲ್ಲ’ ಎಂದಳು ಸಿಮೋನ್. ‘ನೆಟ್ಟಗೆ ಕೂರಬೇಕು.’ ಕೂತೆ. ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಅಂಥ ಬೆಲೆಬಾಳುವುದನ್ನು ಒಡೆದುಬಿಟ್ಟರೆ ಎಂದು ಹೆದರಿ ಹೇಳಿದರೆ, ‘ನನ್ನ ತಾಯಿ ಇದನ್ನು ಬೀರುವಿನಲ್ಲಿಟ್ಟು ಸತ್ತಳು. ಅವಳ ತಾಯಿಯೂ ಹಾಗೇ. ಸಾಕು’ ಎಂದು ನಕ್ಕಳು.

ಆ ಚಳಿಗಾಲವೆಲ್ಲ ಅವಳು ದಿನವೂ ಬಂದಳು. ಮೊದಲು ಬರೀ ಕಾಫಿ. ಆಮೇಲೆ ಜೊತೆಗೆ ಬ್ರೆಡ್ಡು, ಬೇಯಿಸಿದ ಸೇಬು. ನಾನು ತಿನ್ನುವವರೆಗೆ ಏಳುತ್ತಿರಲಿಲ್ಲ. ಒಂದು ದಿನ ಮಗುವಿಗೂ ನನಗೂ ಕೋಟು ತೊಡಿಸಿ ಜಿಪಿ — ನಮ್ಮ ಬಡಾವಣೆಯ ಡಾಕ್ಟರ — ಹತ್ತಿರ ಕರೆದುಕೊಂಡು ಹೋದಳು. ನನಗೆ ಮಾತು ಹೊರಡದಿದ್ದಾಗ ತಾನೇ ಹೇಳಿದಳು. ಔಷಧಿ ಶುರುವಾಯಿತು. ಮಾರ್ಚಿನಲ್ಲಿ ಒಂದು ದಿನ ಮಗು ಅತ್ತಿತು — ನನ್ನ ಮಗು ಅಳುತ್ತಿದೆ ಎನ್ನಿಸಿತು. ಓಡಿದೆ. ಆ ದಿನವನ್ನು ನೆನೆದರೆ ಈಗಲೂ ಕೈ ಮುಗಿಯುವ ಹಾಗಾಗುತ್ತದೆ. ಯಾವ ದೇವರಿಗೋ ಅಲ್ಲ, ಮಹಡಿಯ ಮೆಟ್ಟಿಲ ಕಡೆಗೆ.

ಊರಿಗೆ ಇದಾವುದೂ ತಿಳಿಯಲಿಲ್ಲ. ‘ನಿಮ್ಮ ಅವ್ವಗ ಹೇಳಬ್ಯಾಡ್ರಿ’ ಎಂದು ಶ್ರೀಧರನಿಂದ ಮಾತು ತೆಗೆದುಕೊಂಡಿದ್ದೆ. ಸೊಸೆಗೆ ತಲೆ ಕೆಟ್ಟಿತ್ತಂತೆ — ಈ ಒಂದು ಮಾತು ಬೀದಿ ಬೀದಿ ತಿರುಗುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಒಬ್ಬಳೇ ಎಲ್ಲಾ ನಿಭಾಯಿಸಿದಳು, ಗಟ್ಟಿ ಹುಡುಗಿ ಎಂದು ಅತ್ತೆ ಎಲ್ಲರೆದುರು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ನಾನು ಸುಮ್ಮನೆ ಇಟ್ಟುಕೊಂಡೆ.

ಅಪೂರ್ವಾಗೆ ಎರಡನೆಯ ವರ್ಷ ನಡೆಯುವಾಗ ಸಿಮೋನ್‌ಳ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪದಾಯಿತು. ಎಜ್‌ವೇರಿನಲ್ಲಿ ನಗರಸಭೆಯವರು ವಯಸ್ಸಾದವರಿಗೆಂದು ಕಟ್ಟಿದ ಒಂದು ಸಣ್ಣ ಫ್ಲ್ಯಾಟು ಸಿಕ್ಕಿತು. ಹೊರಡುವ ಮೊದಲು ಅವಳು ಆ ಪಿಂಗಾಣಿಯನ್ನೆಲ್ಲ — ಹೂಜಿ, ಕಪ್ಪುಗಳು, ತಟ್ಟೆಗಳು, ಹಣ್ಣಿಡುವ ಎತ್ತರ ಕಾಲಿನ ಅಗಲ ತಟ್ಟೆ — ನಮ್ಮ ಮೇಜಿನ ಮೇಲೆ ತಂದಿಡಿಸಿದಳು. ಬೇಡ ಎಂದೆ, ಫ್ರಾನ್ಸಿನಲ್ಲಿರುವ ನಿಮ್ಮ ತಂಗಿಗೆ ಕೊಡಿ ಎಂದೆ. ‘ತಂಗಿ ಬೀಗ ಹಾಕಿಡುತ್ತಾಳೆ. ನೀನು ಕುಡಿಯುತ್ತೀಯ’ ಎಂದಳು. ಅಷ್ಟು ಸುಲಭವಾಗಿ ಕೊಟ್ಟಳು. ಪಕ್ಕದ ಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟ ಹಾಗೆ.

ಅದಾದ ಕೆಲವೇ ತಿಂಗಳಿಗೆ ಅತ್ತೆ ಬಂದರು.

ನನ್ನ ಅತ್ತೆ ಕೆಟ್ಟವರಲ್ಲ; ಇದನ್ನು ಓದುವವರು ಹಾಗೆ ತಿಳಿಯಬಾರದು. ಚಿಕ್ಕ ವಯಸ್ಸಿಗೆ ವಿಧವೆಯಾಗಿ, ಮಗನನ್ನು ಡಾಕ್ಟರು ಮಾಡಿ, ತಮ್ಮ ಮಡಿಯನ್ನೂ ದೇವರನ್ನೂ ಬಿಡದೆ ಹಿಡಿದುಕೊಂಡವರು. ಲಂಡನ್ನಿಗೆ ಬರುವಾಗ ಸ್ಟೀಲಿನ ತಾಟು, ಲೋಟ, ದೇವರ ಪೆಟ್ಟಿಗೆ ತಂದಿದ್ದರು. ಬಂದ ಮರುದಿನ ಕಪಾಟಿನಲ್ಲಿದ್ದ ಪಿಂಗಾಣಿ ಅವರ ಕಣ್ಣಿಗೆ ಬಿತ್ತು.

‘ಇದರಾಗ ಎಲುಬಿನ ಪುಡಿ ಹಾಕಿರ್ತಾರಂತಲ್ಲ, ಖರೇ ಏನ?’

‘ಬ್ಯಾರೆದ್ರಾಗ ಹಾಕ್ತಾರ್ರಿ ಅತ್ಯಾ. ಇದು ಫ್ರಾನ್ಸಿಂದು. ಬರೇ ಮಣ್ಣು, ಕಲ್ಲು.’ ಇದು ನಿಜವಾಗಿತ್ತು, ಸಿಮೋನ್ ಹೇಳಿದ್ದಳು.

‘ಮತ್ತ ಯಾರರ ಉಂಡದ್ದೇನ?’

ಇಲ್ಲಿ ನಿಂತೆ. ಆ ತಟ್ಟೆಗಳಲ್ಲಿ ಸಿಮೋನ್ ಹಬ್ಬದ ಮಾಂಸ ಬಡಿಸುತ್ತಿದ್ದಳೆಂದು ಗೊತ್ತಿತ್ತು. ಆದರೆ ಆ ಕ್ಷಣ ನನ್ನ ಬಾಯಿ ಕಟ್ಟಿದ್ದು ಮಡಿಯ ಭಯವಲ್ಲ. ಮೇಲಿನ ಮನೆಯವಳು ಕೊಟ್ಟಳು ಎಂದರೆ, ಯಾಕೆ ಕೊಟ್ಟಳು ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ — ಆ ಅಡುಗೆಮನೆಯ ನೆಲ, ಆ ಯೋಚನೆ, ಆ ಔಷಧಿ ಎಲ್ಲ ಹೊರಗೆ ಬರುತ್ತದೆ.

‘ಯಾರೂ ಉಂಡಿಲ್ರಿ. ಅಂಗಡ್ಯಾಗ ತೊಗೊಂಡದ್ದು. ಹೊಸಾದು.’

‘ಬಂಗಾರ ಅಲ್ಲಲ್ಲೆ ಸವದದಲ್ಲ?’

‘ಹಳೇ ನಮೂನಿ ಕಾಣ್ಲಿ ಅಂತ ಬೇಕಂತನ ಹಂಗ ಮಾಡಿರ್ತಾರ್ರಿ.’

ಅತ್ತೆ ಬೆರಳಿನಿಂದ ಹಂಸದ ಕುತ್ತಿಗೆ ಸವರಿದರು. ‘ಎಷ್ಟ ನಾಜೂಕ ಮಾಡ್ಯಾರಲ್ಲ’ ಎಂದರು. ಎತ್ತರ ಕಾಲಿನ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ‘ಇದು ನೈವೇದ್ಯಕ್ಕ ಛಲೋ ಅದ’ ಎಂದರು. ಬೇಡ ಎನ್ನಲು ನನಗೆ ಕಾರಣ ಉಳಿದಿರಲಿಲ್ಲ. ಅಂದಿನಿಂದ ದಿನವೂ ದೇವರ ಮುಂದೆ ಅದೇ ತಟ್ಟೆ. ಶ್ರೀಧರ ನೋಡಿದ. ಹೋಗಲಿ ಬಿಡು ಎನ್ನುವಂತೆ ಮುಖ ತಿರುಗಿಸಿದ.

ಅಪೂರ್ವಾಳ ಎರಡನೆಯ ಹುಟ್ಟುಹಬ್ಬಕ್ಕೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ವೆಂಬ್ಲಿ, ಹ್ಯಾರೋ ಕಡೆಯ ನಾಲ್ಕಾರು ಕನ್ನಡ ಕುಟುಂಬಗಳು ಬಂದಿದ್ದವು. ಸಿಮೋನ್‌ಳನ್ನು ಕರೆಯದಿರಲು ಏನೇನೋ ನೆವ ಹುಡುಕಿದ್ದೆ. ಶ್ರೀಧರ ಪಾಪ, ಅಷ್ಟು ಯೋಚಿಸಲಿಲ್ಲ. ಬೆಳಿಗ್ಗೆ ಕಾರು ತೆಗೆದುಕೊಂಡು ಹೋಗಿ ಕರೆತಂದುಬಿಟ್ಟ. ಅವಳು ನೀಲಿ ಉಡುಪು ತೊಟ್ಟು, ಕೋಲೂರಿಕೊಂಡು ಬಂದು, ಪೂಜೆ ಮುಗಿಯುವವರೆಗೆ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದಳು. ದೇವರ ಮುಂದೆ ತನ್ನ ತಟ್ಟೆ ಕಂಡಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು.

ಮೈಸೂರಿನ ವಸುಮತಿ, ಇಲ್ಲಿನ ಕನ್ನಡದವರಿಗೆಲ್ಲ ಬೇಕಾದ ಡಾಕ್ಟರು, ಆ ತಟ್ಟೆ ನೋಡಿ ಬೆರಗಾದಳು. ‘ಆಹಾ, ಎಷ್ಟು ಚೆನ್ನಾಗಿದೆ ಮಂದಾಕಿನಿ! ಮ್ಯೂಸಿಯಂನಲ್ಲಿ ಇಡೋ ಥರ ಇದೆ. ಎಲ್ಲಿ ಸಿಕ್ತೇ ಇದು?’

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಹೇಳಿದರು: ‘ನಮ್ಮ ಮಂದಾ ತೊಗೊಂಡಾಳ್ರಿ, ಇಲ್ಲೇ ಅಂಗಡ್ಯಾಗ. ಹೊಸಾದು.’

ವಸುಮತಿ ಒಳ್ಳೆಯವಳು. ಮಾತು ತಿಳಿಯದೆ ಕೂತಿದ್ದ ಸಿಮೋನ್‌ಗೆ ಬೇಸರವಾಗಬಾರದೆಂದು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು — ಮಂದಾ ಇದನ್ನು ಇಲ್ಲೇ ಅಂಗಡಿಯಲ್ಲಿ ಹೊಸದಾಗಿ ಕೊಂಡಳಂತೆ.

ಸಿಮೋನ್ ನನ್ನ ಕಡೆ ತಿರುಗಿದಳು. ‘ಹೌದೇ ಮಂದಾ? ನೀನು ಕೊಂಡೆಯಾ?’

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಮಾತು ಇಂಗ್ಲಿಷಿಗೆ ಬದಲಾಗುವಾಗ ಏನೋ ತಪ್ಪಾಗಿದೆ ಎಂದುಕೊಂಡಳೋ, ನನಗೆ ತಿದ್ದಿಕೊಳ್ಳಲು ದಾರಿ ಬಿಟ್ಟಳೋ — ಎಷ್ಟು ಸಲ ಯೋಚಿಸಿದ್ದೇನೆ. ಅತ್ತೆ ನನ್ನ ಮುಖ ನೋಡುತ್ತಿದ್ದರು. ‘ಎಸ್’ ಎನ್ನುವುದೂ ‘ಶಾಪ್’ ಎನ್ನುವುದೂ ಅವರಿಗೆ ತಿಳಿಯುತ್ತಿತ್ತು.

‘ಹೌದು’ ಎಂದೆ. ‘ಅಂಗಡಿಯಲ್ಲಿ ಕೊಂಡೆ.’

ಸಿಮೋನ್ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ವಸುಮತಿಗೆ ಹೇಳಿದಳು: ‘ಒಳ್ಳೆಯ ಕಣ್ಣಿದೆ ಇವಳಿಗೆ.’

ಅತ್ತೆ ಪ್ರಸಾದ ಹಂಚಲು ಬಂದರು. ಮುಟ್ಟದ ಹಾಗೆ, ಮೇಲಿನಿಂದ ಅವಳ ಅಂಗೈಗೆ ಒಂದು ಉಂಡೆ ಬಿಟ್ಟರು. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು.

ಮುಂದೆ ಎಷ್ಟೋ ದಿನ ನಾನು ಎಜ್‌ವೇರಿಗೆ ಹೋಗಲಿಲ್ಲ. ಹೋದಾಗ ಬಾಗಿಲು ತೆರೆದು, ಯಾವತ್ತಿನಂತೆ ಎರಡೂ ಕೆನ್ನೆಗೆ ಮುತ್ತಿಟ್ಟು, ಮಗಳನ್ನು ಎತ್ತಿಕೊಂಡಳು. ಸಾದಾ ಮಗ್ಗಿನಲ್ಲಿ ಕಾಫಿ ಕೊಟ್ಟಳು. ನಾನು ಹೇಳಲು ಶುರುಮಾಡಿದೆ — ‘ಸಿಮೋನ್, ಅವತ್ತು…’ — ಅವಳು ಸಕ್ಕರೆ ಎಷ್ಟು ಎಂದು ಕೇಳಿದಳು. ನನಗೆ ಅದು ಸಾಕಾಯಿತು. ಕ್ಷಮೆ ಕೇಳುವ ಕಷ್ಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರವಾದೆ. ಅತ್ತೆ ಊರಿಗೆ ಮರಳಿದರು. ಸಿಮೋನ್ ನನ್ನನ್ನೂ ನನ್ನ ಮಗಳನ್ನೂ ಮೊದಲಿನಂತೆಯೇ ಪ್ರೀತಿಸಿದಳು. ಶಾಲೆ ಬಿಟ್ಟಮೇಲೆ ಅಪೂರ್ವಾ ಅವಳ ಮನೆಯಲ್ಲೇ ಆಡಿ ಬೆಳೆದಳು. ಆದರೆ ಒಂದು ಬದಲಾವಣೆ ಇತ್ತು. ಅವಳ ತಂಗಿಯ ಮಾತು ನಿಂತುಹೋಯಿತು. ಮೊದಲೆಲ್ಲ ಪ್ರತಿ ಭಾನುವಾರ ತಂಗಿಯ ಫೋನು ಬರುತ್ತಿತ್ತು, ಆಮೇಲೆ ಅದರ ಸುದ್ದಿಯೇ ಇಲ್ಲ. ನಾನು ಒಮ್ಮೆ ಕೇಳಿದಾಗ, ‘ಮುದುಕಿಯರು ಜಗಳ ಆಡುತ್ತಾರೆ’ ಎಂದು ತಳ್ಳಿಹಾಕಿದಳು.

ಎರಡು ಸಾವಿರದ ಇಸವಿ ದಾಟಿದ ಮೇಲೊಂದು ವಸಂತದಲ್ಲಿ ಸಿಮೋನ್ ನಿದ್ದೆಯಲ್ಲೇ ತೀರಿಕೊಂಡಳು.

ಅಂತ್ಯಕ್ರಿಯೆ ಮುಗಿದಮೇಲೆ ಅವಳಿದ್ದ ಕಟ್ಟಡದ ಸಭಾಂಗಣದಲ್ಲಿ ಚಹಾ ಇಟ್ಟಿದ್ದರು. ಫ್ರಾನ್ಸಿನಿಂದ ಬಂದಿದ್ದವನು ಒಬ್ಬನೇ — ತಂಗಿಯ ಮಗ ಪಾಸ್ಕಲ್, ಶಾಲಾ ಮೇಷ್ಟ್ರು, ನನಗಿಂತ ಸ್ವಲ್ಪ ದೊಡ್ಡವನು. ನಾನು ಕೆಳಗಿನ ಮನೆಯಲ್ಲಿದ್ದವಳು ಎಂದು ಪರಿಚಯ ಮಾಡಿಕೊಂಡೆ. ತನ್ನ ತಾಯಿ ಬರಲು ಒಪ್ಪಲಿಲ್ಲ ಎಂದು ಅವನು ತಲೆ ತಗ್ಗಿಸಿ ಹೇಳಿದ. ಅಕ್ಕತಂಗಿಯರು ಆರೇಳು ವರ್ಷಗಳಿಂದ ಮಾತಾಡಿರಲಿಲ್ಲವಂತೆ.

‘ಒಂದು ಪಿಂಗಾಣಿ ಸೆಟ್ಟಿಗಾಗಿ’ ಎಂದ. ‘ನಮ್ಮ ಮನೆತನದ್ದು. ಯುದ್ಧದ ಕಾಲದಲ್ಲಿ ಊರು ಬಿಟ್ಟು ಓಡುವಾಗ ಅಜ್ಜಿ ತನ್ನ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋಗಿದ್ದಳು. ಅಮ್ಮ ಒಂದು ಬೇಸಿಗೆ ದೊಡ್ಡಮ್ಮನನ್ನು ನೋಡಲು ಇಲ್ಲಿಗೆ ಬಂದಾಗ ಅದೆಲ್ಲಿ ಎಂದು ಕೇಳಿದಳು. ಅಂಗಡಿಗೆ ಮಾರಿಬಿಟ್ಟೆ ಎಂದಳು ದೊಡ್ಡಮ್ಮ. ಯಾವ ಅಂಗಡಿ ಎಂದರೆ ಹೇಳಲಿಲ್ಲ. ಅಮ್ಮ ಮರುದಿನವೇ ಹೊರಟುಬಂದಳು.’

ಅವನು ಹೇಳಿದ ಬೇಸಿಗೆ ಯಾವುದೆಂದು ನನಗೆ ತಿಳಿಯಿತು. ಅತ್ತೆ ಇನ್ನೂ ನಮ್ಮ ಮನೆಯಲ್ಲೇ ಇದ್ದ ಬೇಸಿಗೆ. ಕೆಳಗಿನ ಮನೆಯ ಮಂದಾಗೆ ಕೊಟ್ಟೆ ಎಂದು ಸಿಮೋನ್ ಹೇಳಿದ್ದರೆ, ತಂಗಿ ನೋಡಲು ಬಂದೇ ಬರುತ್ತಿದ್ದಳು. ಬಂದು ಅತ್ತೆಯ ಎದುರು ಬಾಯಿ ಬಿಟ್ಟೇ ಬಿಡುತ್ತಿದ್ದಳು. ನಾನು ಅಂಗಡಿ ಎಂದಿದ್ದೆನಲ್ಲ — ಅವಳೂ ಅಂಗಡಿ ಎಂದಳು. ನನ್ನ ಸುಳ್ಳಿಗೆ ತನ್ನ ಬಾಯಿಯಿಂದ ಸಾಕ್ಷಿ ಹೇಳಿದಳು. ಹೀಗೇ ಎಂದು ಅವಳು ನನಗೆ ಎಂದೂ ಹೇಳಲಿಲ್ಲ, ನಾನು ಊಹಿಸಿಕೊಂಡದ್ದು. ಆದರೆ ಬೇರೆ ಯಾವ ಕಾರಣವೂ ನನಗೆ ಇವತ್ತಿನವರೆಗೆ ಹೊಳೆದಿಲ್ಲ.

‘ನಿಮಗೇನಾದರೂ ಗೊತ್ತೇ?’ ಎಂದು ಪಾಸ್ಕಲ್ ಕೇಳಿದ. ‘ಯಾವ ಅಂಗಡಿ ಎಂದು ತಿಳಿದರೆ ಹುಡುಕಬಹುದಿತ್ತು. ಅಮ್ಮನಿಗೆ ಹುಷಾರಿಲ್ಲ. ಅವಳಿಗೊಂದು ಸಮಾಧಾನ…’

ಆ ಪಿಂಗಾಣಿ ಆಗ ಅಲ್ಲಿಂದ ಒಂದು ಬಸ್ಸಿನ ದೂರದಲ್ಲಿ, ನನ್ನ ಅಡುಗೆಮನೆಯ ಕಪಾಟಿನಲ್ಲಿತ್ತು. ಆ ಬೆಳಿಗ್ಗೆ ನಾನು ಅದರಲ್ಲಿ ಕಾಫಿ ಕುಡಿದು ಬಂದಿದ್ದೆ.

‘ಗೊತ್ತಿಲ್ಲ’ ಎಂದೆ.

ಮೊದಲ ಸುಳ್ಳಿಗೆ ಹೆದರಿಕೆ ಇತ್ತು ಎಂದಾದರೂ ಹೇಳಿಕೊಳ್ಳಬಹುದು. ಇದಕ್ಕೆ? ಅತ್ತೆ ಊರಿನಲ್ಲಿದ್ದರು. ಸಿಮೋನ್ ಶವಪೆಟ್ಟಿಗೆಯಲ್ಲಿದ್ದಳು. ನನ್ನನ್ನು ತಡೆಯಲು ಯಾರೂ ಇರಲಿಲ್ಲ. ಒಳ್ಳೆಯ ನೆರೆಯವಳೆಂದು ಅವನು ನನ್ನ ಕೈ ಹಿಡಿದುಕೊಂಡಿದ್ದ. ಆ ಕೈ ಬಿಟ್ಟುಹೋಗುವುದು ನನಗೆ ಬೇಡವಾಗಿತ್ತು — ಅಷ್ಟೇ ಇರಬೇಕು. ಏನಾದರೂ ತಿಳಿದರೆ ಫೋನು ಮಾಡಿ ಎಂದು ನಂಬರು ಕೊಟ್ಟ. ಮನೆಗೆ ಬಂದು ಎಲ್ಲವನ್ನೂ ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಎರಡು ವರ್ಷದ ಮೇಲೆ ಅತ್ತೆ ಮತ್ತೆ ಬಂದರು. ಈಗ ಬೆನ್ನು ಬಾಗಿತ್ತು, ಮಡಿ ಮಾತ್ರ ಹಾಗೇ ಇತ್ತು. ಬಂದ ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಪೆಟ್ಟಿಗೆ ತೆರೆದು ಕೂತವರು ಕರೆದರು: ‘ಮಂದಾ, ಆ ಎತ್ತರ ಕಾಲಿನ ತಾಟು ಎಲ್ಲೆ ಅದ? ನೈವೇದ್ಯಕ್ಕ ಕೊಡವಾ.’

ಒಡೆದುಹೋಯಿತು ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಮೂರನೆಯ ಸಲವೂ — ಇಲ್ಲ, ಆಗಲಿಲ್ಲ. ಅವರ ಎದುರು ನೆಲದ ಮೇಲೆ ಕೂತೆ.

‘ಅದು ಅಂಗಡ್ಯಾಗ ತೊಗೊಂಡದ್ದಲ್ರಿ ಅತ್ಯಾ. ಮ್ಯಾಲಿನ ಮನಿ ಸಿಮೋನ್ ಕೊಟ್ಟದ್ದು. ಅಕಿ ಅದರಾಗ ಎಲ್ಲಾ ಉಣತಿದ್ದಳು. ನಾ ಸುಳ್ಳು ಹೇಳಿದೆ.’

ಅತ್ತೆ ದೇವರ ಮುಂದಿನ ಬತ್ತಿ ಸರಿಮಾಡಿದರು. ಆಮೇಲೆ ನಾನು ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಕೇಳಿದರು.

‘ಅಂಥಾ ಬೆಲೆದ್ದು ಅಕಿ ನಿನಗ್ಯಾಕ ಕೊಟ್ಟಳು?’

ಹೇಳಿದೆ. ಅಡುಗೆಮನೆಯ ನೆಲ, ಮಗುವಿನ ಅಳು, ರೈಲು, ಕಾಫಿ, ಜಿಪಿ, ಔಷಧಿ. ತಂಗಿಯ ಮಾತು ಬಿಟ್ಟದ್ದು, ಪಾಸ್ಕಲ್‌ಗೆ ಗೊತ್ತಿಲ್ಲ ಎಂದದ್ದು. ಏನನ್ನೂ ಬಿಡಲಿಲ್ಲ. ನೈವೇದ್ಯದ ಅನ್ನ ಆರಿತು.

ಅತ್ತೆ ದೇವರ ಪೆಟ್ಟಿಗೆ ಮುಚ್ಚಿದರು. ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ. ಎರಡೂ ಇತ್ತು ಎಂದು ಆಮೇಲೆ ಗೊತ್ತಾಯಿತು.

‘ನಾ ಮಾಡಬೇಕಾದ ಬಾಣಂತನ ಅಕಿ ಮಾಡಿದಳು’ ಎಂದರು. ‘ನನ್ನ ಮನಿ ಸೊಸಿನ್ನ ಉಳಿಸಿದಳು, ಕೂಸಿನ್ನ ಉಳಿಸಿದಳು. ಅಂಥಾಕಿ ಕೈಯಾಗ ನಾ ಮ್ಯಾಲಿಂದ ಪ್ರಸಾದ ಹಾಕಿದೆ. ಒಂದು ಸೀರಿ ಕೊಡಲಿಲ್ಲ, ಒಂದು ಮಾತು ಆಡಲಿಲ್ಲ. ನನಗ ಆ ಭಾಗ್ಯ ಇಲ್ಲಧಂಗ ಮಾಡಿದಿ ನೀ.’

‘ನೀವು ಏನಂತೀರೋ ಅಂತ…’

‘ಆ ತಾಟು ದೇವರಿಗೆ ಬ್ಯಾಡ ಅಂತಿದ್ದೆ. ಖರೇ. ಇವತ್ತೂ ಬ್ಯಾಡ ಅಂತೀನಿ. ಆದರ ಅಕಿನ್ನ ಬ್ಯಾಡ ಅಂತಿದ್ದಿಲ್ಲ.’ ಮೇಲೇಳುತ್ತ, ‘ಆ ಹುಡುಗಗ ಇವತ್ತ ಫೋನ್ ಮಾಡು’ ಎಂದರು. ಅಂದು ಅವರು ಊಟ ಮಾಡಲಿಲ್ಲ. ನನ್ನೊಡನೆ ಮಾತಾಡಿದ್ದು ಮರುದಿನ.

ಪಾಸ್ಕಲ್ ಮುಂದಿನ ಶನಿವಾರವೇ ರೈಲಿನಲ್ಲಿ ವಾಟರ್ಲೂಗೆ ಬಂದಿಳಿದು, ನೆಲದಡಿಯ ಟ್ಯೂಬು ರೈಲು ಹಿಡಿದು ನಮ್ಮ ಮನೆಗೆ ಬಂದ. ಪಿಂಗಾಣಿಯನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದ್ದೆ. ಅವನು ಕೋಟೂ ತೆಗೆಯದೆ ಅದರ ಮುಂದೆ ನಿಂತುಬಿಟ್ಟ. ನಾನು ಎಲ್ಲ ಹೇಳಿದೆ. ಫೋನಿನಲ್ಲಿ ಅರ್ಧ ಹೇಳಿದ್ದೆ, ಉಳಿದದ್ದನ್ನು ಎದುರಿಗೆ.

‘ಅವತ್ತು ಚಹಾ ಕುಡಿಯುವಾಗ ನೀವು ಹೇಳಿದ್ದರೆ’ ಎಂದ ಅವನು, ದನಿ ಏರಿಸದೆ, ‘ಅದೇ ದಿನ ಸಂಜೆ ಅಮ್ಮನಿಗೆ ಹೇಳುತ್ತಿದ್ದೆ. ನಿನ್ನ ಅಕ್ಕ ಮಾರಲಿಲ್ಲ, ಕೊಟ್ಟಳು ಎಂದು. ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅವಳು ಹೋದ ವರ್ಷ ತೀರಿಕೊಂಡಳು.’

ಕೂರಿ ಎಂದು ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ, ‘ಏನಂತಾನ?’ ಎಂದರು. ಹೇಳಿದೆ, ಒಂದಕ್ಷರ ಬಿಡದೆ. ಅವರು ಮುಂದೆ ಬಂದು ಅವನಿಗೆ ಕೈ ಮುಗಿದರು. ಮಗನ ವಯಸ್ಸಿನವನಿಗೆ, ಅಷ್ಟು ಮಡಿಯ ಹೆಂಗಸು. ‘ನಮ್ಮ ಮನಿಂದ ತಪ್ಪಾಗೇದಪಾ. ನಿಮ್ಮ ದೊಡ್ಡವ್ವ ನಮ್ಮ ಮನಿ ದೀಪ ಉಳಿಸಿದಾಕಿ.’ ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.

ಅವನು ಕುರ್ಚಿ ಎಳೆದು ಕೂತ. ‘ನಮ್ಮ ಮನೆಯಲ್ಲಿ ಇದನ್ನು ನಾಮಕರಣಕ್ಕೆ, ಮದುವೆಗೆ ಮಾತ್ರ ತೆಗೆಯುತ್ತಿದ್ದರಂತೆ’ ಎಂದ. ‘ದೊಡ್ಡಮ್ಮ ಇದರಲ್ಲಿ ದಿನಾ ನಿಮಗೆ ಕಾಫಿ ಕೊಟ್ಟಳೇ?’

‘ದಿನವೂ.’

‘ಹೇಗಿದ್ದಳು? ಆ ವರ್ಷಗಳಲ್ಲಿ?’

ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಬೆಳಿಗ್ಗೆ ಜೋರಾಗಿ ರೇಡಿಯೋ ಹಾಕಿ ಅದರೊಡನೆ ಜಗಳವಾಡುತ್ತಿದ್ದದ್ದು. ಈಲಿಂಗ್ ರೋಡಿನ ಅಂಗಡಿಯಲ್ಲಿ ಹಸಿ ಶುಂಠಿ ಮೂಸಿ ನೋಡಿ ಕೊಳ್ಳುತ್ತಿದ್ದದ್ದು. ಮೊಣಕಾಲಿನ ನೋವಿಗೆ ಶ್ರೀಧರ ಕೊಟ್ಟ ಮಾತ್ರೆಗಳನ್ನು ಹೂಕುಂಡದಲ್ಲಿ ಹೂತಿಡುತ್ತಿದ್ದದ್ದು. ಅವನು ನಕ್ಕ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡ. ಅಷ್ಟರಲ್ಲಿ ಅಪೂರ್ವಾ ಈಜು ಮುಗಿಸಿ ಬಂದು, ಅವನು ಫ್ರೆಂಚನೆಂದು ತಿಳಿದು, ಅವನ ಭಾಷೆಯಲ್ಲೇ ಏನೋ ಕೇಳಿದಳು. ಅವನು ಬೆಚ್ಚಿ ತಲೆಯೆತ್ತಿದ. ಅದು ಶಾಲೆಯ ಫ್ರೆಂಚಲ್ಲ, ತನ್ನ ದೊಡ್ಡಮ್ಮನ ಊರಿನ ಮಾತು ಎಂದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನನಗೆ ಒಂದೂ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಅವನು ಒಂದೊಂದೇ ಎತ್ತಿಕೊಟ್ಟ ಹಾಗೆ ಸೆಟ್ಟನ್ನು ಪೂರ್ತಿ ಪೆಟ್ಟಿಗೆಗಳಿಗೆ ಹಾಕಿದೆವು. ಒಂದು ಕಪ್ಪು ಇಟ್ಟುಕೊಳ್ಳಿ ಎಂದು ಅವನೂ ಅನ್ನಲಿಲ್ಲ, ನಾನೂ ಬಯಸಲಿಲ್ಲ. ಹೊರಡುವಾಗ, ‘ನಿಮ್ಮನ್ನು ಕ್ಷಮಿಸಲು ನನಗೆ ಬರುವುದಿಲ್ಲ, ಅಮ್ಮನ ಬದಲು ನಾನು ಹೇಗೆ ಕ್ಷಮಿಸಲಿ. ಆದರೆ ದೊಡ್ಡಮ್ಮ ಒಬ್ಬಳೇ ಇರಲಿಲ್ಲ ಎಂದು ತಿಳಿದದ್ದು ಒಳ್ಳೆಯದಾಯಿತು’ ಎಂದ. ನ್ಯಾಯವಾದ ಮಾತು. ಅದಕ್ಕೂ ನಾನು ಋಣಿ.

ಕೊನೆಗೆ ವಸುಮತಿಗೂ ಹೇಳಿದೆ, ಅಂದು ಪೂಜೆಗೆ ಬಂದಿದ್ದ ಉಳಿದವರಿಗೂ. ಒಬ್ಬೊಬ್ಬರ ಮನೆಗೆ ಹೋಗಿ ಹೇಳಿದೆ. ವಸುಮತಿ ಸ್ಟವ್ ಆರಿಸಿ ಬಂದು ನನ್ನ ಪಕ್ಕ ಕೂತಳು. ‘ನಾನೂ ಡಾಕ್ಟರೇ ಅಲ್ವೇನೇ, ಹತ್ತು ನಿಮಿಷದ ದಾರಿಯಲ್ಲಿದ್ದೆ, ನನಗೊಂದು ಫೋನ್ ಮಾಡಬಾರದಿತ್ತಾ?’ ಎಂದು ಬೈದಳು. ಆಮೇಲೆ ಬೆನ್ನು ಸವರಿ, ‘ಬಿಡು ಮಂದಾ, ಅಂಥ ದೊಡ್ಡ ಮನಸ್ಸಿನವರು ನಿನ್ನನ್ನ ಯಾವತ್ತೋ ಕ್ಷಮಿಸಿರ್ತಾರೆ. ಇನ್ನ ಎಷ್ಟು ದಿನ ಇದನ್ನ ಹೊತ್ತುಕೊಂಡಿರ್ತೀಯ’ ಎಂದಳು.

ಕ್ಷಮಿಸಿರಬಹುದು. ಅದು ಸಿಮೋನ್‌ಳ ದೊಡ್ಡತನ. ಅದರಿಂದ ನಾನು ಮಾಡಿದ್ದು ಚಿಕ್ಕದಾಗುವುದಿಲ್ಲ. ಇಬ್ಬರು ಅಕ್ಕತಂಗಿಯರು ಒಬ್ಬರ ದನಿ ಇನ್ನೊಬ್ಬರು ಕೇಳದೆ ಹೋದರು — ನನ್ನಿಂದ. ನಾನು ಬದುಕಿದ್ದೇನೆ, ನನ್ನ ಮಗಳು ತಾಯಿ ಇರುವ ಮನೆಯಲ್ಲಿ ಬೆಳೆದಳು — ಅವಳಿಂದ. ಸಿಮೋನ್ ಯಾರು ಎಂದು ಇನ್ನು ಯಾರು ಕೇಳಿದರೂ ಈ ಎರಡನ್ನೂ ಹೇಳುತ್ತೇನೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದಿಲ್ಲ.